ಹಿಟ್ಟಿನ ಪಾತ್ರೆಯ ಕೆಳಗಿನ ಸರ್ವರ್

ಸರ್ವರಿನ ಮೇಲೆ ದೋಸೆ ಹಿಟ್ಟಿನ ಪಾತ್ರೆ ಇಡಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ನೀರು ಚೆಲ್ಲಬಾರದು ಎಂದಿದೆ, ಧೂಳು ಕೂರಬಾರದು ಎಂದಿದೆ, ಅದೂ ಚಿತ್ರ ಸಮೇತ. ಹಿಟ್ಟಿನ ಸುದ್ದಿ ಮಾತ್ರ ಎಲ್ಲೂ ಇಲ್ಲ. ಬರೆದವರಿಗೆ ನಮ್ಮ ಬಾಡಿಗೆ ಮನೆಯ ಓನರ್ ಆಂಟಿಯ ಪರಿಚಯವಿರಲಿಲ್ಲ, ಅಷ್ಟೆ.

ಆಗ ನಾನು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ, ವಾಲ್ವು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಗದಗಿನ ಕಡೆಯ ನಮ್ಮ ಮನೆಯವರಿಗೆ ನೆಟ್‌ವರ್ಕ್ ಎಂದರೆ ಮೊಬೈಲ್ ಟವರ್. ಹುಡುಗಿ ದಿನಾ ಟವರ್ ಹತ್ತಿ ಇಳಿಯುತ್ತಾಳೆ ಎಂದು ನಮ್ಮ ಸೋದರತ್ತೆ ನನ್ನ ಹೆಸರಲ್ಲಿ ಹರಕೆ ಹೊತ್ತಿದ್ದಳು. ನನ್ನ ಕೆಲಸ ಅಷ್ಟು ಎತ್ತರದ್ದೇನಲ್ಲ. ಕಾರ್ಖಾನೆಯ ಕಂಪ್ಯೂಟರುಗಳನ್ನೂ ಮಿಷನ್ನುಗಳನ್ನೂ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳಿರುತ್ತವೆ, ಅವಕ್ಕೆ ಸ್ವಿಚ್ ಎನ್ನುತ್ತಾರೆ. ನಮ್ಮಲ್ಲಿ ಹದಿನೆಂಟಿದ್ದವು. ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಕಾನ್ಫಿಗ್ ಫೈಲು. ಯಾವ ವೈರಿನಿಂದ ಬಂದದ್ದನ್ನು ಎಲ್ಲಿಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಪೆಟ್ಟಿಗೆ ಸುಟ್ಟುಹೋದರೆ ಹೊಸ ಪೆಟ್ಟಿಗೆ ಸಿಗುತ್ತದೆ. ಫೈಲು ಹೋದರೆ ಆ ಹೊಸ ಪೆಟ್ಟಿಗೆ ಪೆದ್ದನ ಹಾಗೆ ದೀಪ ಮಿಟುಕಿಸುತ್ತ ಕೂತಿರುತ್ತದೆ. ಅದಕ್ಕೇ ಫೈಲುಗಳ ಪ್ರತಿ ತೆಗೆದು ಬೇರೆ ಕಡೆ ಕಾಪಿಡುವುದು.

ನನ್ನದು ಕಾಂಟ್ರ್ಯಾಕ್ಟ್ ಕೆಲಸ. ಹನ್ನೊಂದು ತಿಂಗಳು ತುಂಬಿದ ದಿನ ಗುರುತಿನ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು. ಎರಡು ದಿನ ಬಿಟ್ಟು ಹೊಸಬಳೆಂದು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಮೂರನೇ ಸಲ ಹಾಗೆ ಹೊಸಬಳಾಗಿ ಹೋದಾಗ ಗೇಟಿನ ಸೆಕ್ಯುರಿಟಿಯವರು, ಎರಡು ದಿನದ ಹಿಂದಷ್ಟೇ ನಾನು ಕೊಟ್ಟ ರೊಟ್ಟಿ ಶೇಂಗಾ ಚಟ್ನಿ ತಿಂದು ಬೆರಳು ನೆಕ್ಕಿದ್ದವರು, ರಿಜಿಸ್ಟರ್ ತೆಗೆದು "ಯಾರನ್ನ ನೋಡ್ಬೇಕು ಮೇಡಂ?" ಎಂದರು. ಅವರದೇನೂ ತಪ್ಪಿಲ್ಲ, ನಿಯಮ ಹಾಗಿತ್ತು. ಆದರೂ ನನಗೆ ಆ ದಿನ ಆದ ಅವಮಾನ ಅಷ್ಟಿಷ್ಟಲ್ಲ. ನಾನು ನೇರ ಮ್ಯಾನೇಜರ್ ಹತ್ತಿರ ಹೋಗಿ ಜಗಳ ತೆಗೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮ್ಯಾನೇಜರು ನಿಧಾನಸ್ಥರು. ಎಲ್ಲ ಕೇಳಿಸಿಕೊಂಡು, "ನೋಡ್ರೀ, ಈ ಸಲದ ಆಡಿಟ್ ಪಾಸ್ ಮಾಡಿಸಿಬಿಡಿ. ನಿಮ್ಮನ್ನ ಪರ್ಮನೆಂಟ್ ಮಾಡಿಸೋದು ನನ್ ಜವಾಬ್ದಾರಿ" ಎಂದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ಬಂದೆ. ನಾನು ಹಾಕುವುದು ಚೂಡಿದಾರ, ಆದರೂ ಗಂಟು ಹಾಕಿಕೊಂಡೆ.

ಆಡಿಟ್ ಎಂದರೆ ಲೆಕ್ಕಪತ್ರದ್ದಲ್ಲ. ನಮ್ಮ ವಾಲ್ವು ಕೊಳ್ಳುವ ವಿದೇಶದ ಗಿರಾಕಿ ಹೊಸದೊಂದು ನಿಯಮ ಹಾಕಿದ್ದ. ಫೈಲುಗಳ ಪ್ರತಿ ಕಾರ್ಖಾನೆಯಿಂದ ದೂರದ ಬೇರೊಂದು ಕಟ್ಟಡದಲ್ಲಿ, ನಮ್ಮದೇ ಸುಪರ್ದಿನ ಸರ್ವರಿನಲ್ಲಿ ಇರಬೇಕು, ದಿನವೂ ತಪ್ಪದೆ ಹೋಗುತ್ತಿರಬೇಕು, ಅದನ್ನು ಒಬ್ಬ ಆಡಿಟರ್ ಬಂದು ಕಣ್ಣಾರೆ ನೋಡಬೇಕು. ಕಾರ್ಖಾನೆಯ ಯಜಮಾನರಿಗೆ ಇದ್ದದ್ದು ಒಂದೇ ಕಟ್ಟಡ. ಕ್ಲೌಡಿನಲ್ಲಿ ಇಡಬಹುದು ಎಂದರೆ, "ನಮ್ ಫೈಲು ಯಾವನೋ ಮೋಡದಲ್ಲಿ ಇಟ್ಕೋತಾನಾ? ಬೇಡ ಬೇಡ" ಎಂದು ಕೈಯಾಡಿಸಿಬಿಟ್ಟರು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, "ನಿಮ್ ರೂಮ್ ಎಲ್ಲಿರೋದು?" ಎಂದರು.

"ಇಲ್ಲೇ ಹಳೇ ಊರೊಳಗ ಸರ್. ಮೂರನೇ ಮಹಡಿ, ಶೀಟಿನ ರೂಮು."

"ಬೇರೆ ಬಿಲ್ಡಿಂಗ್ ತಾನೆ?"

ಅಲ್ಲಿಗೆ ನಿರ್ಧಾರವಾಗಿಹೋಯಿತು. ಶೀಟಿನ ರೂಮಿನಲ್ಲಿ ನಾನೇ ಬೆಂದುಹೋಗುತ್ತಿದ್ದೆ, ಸರ್ವರ್ ಬೇರೆ ಎಲ್ಲಿಡುವುದು? ಕರೆಂಟ್ ಹೋದರೆ ನನಗೆ ಮೇಣದ ಬತ್ತಿಯೇ ಗತಿ. ಯುಪಿಎಸ್ ಇದ್ದದ್ದು ಕೆಳಗಡೆ, ಓನರ್ ಆಂಟಿಯ ಮನೆಯ ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ. ಹಾಗಾಗಿ ಯಜಮಾನರೇ ಖುದ್ದಾಗಿ ಕಾರಿನಲ್ಲಿ ಸರ್ವರ್ ಹಾಕಿಕೊಂಡು ಆಂಟಿಯನ್ನು ಕೇಳಲು ಬಂದರು.

ಆಂಟಿ ಆ ಊರಿನ ಮೂಲದವರು. ಅವರ ಹೊಲದ ಮುಕ್ಕಾಲು ಪಾಲು ಮಾರಿಹೋಗಿ, ಉಳಿದ ತುಂಡಿನ ಮೇಲೆ ಈಗ ಆರು ಬಾಡಿಗೆ ಕಟ್ಟಡಗಳು, ಮೂವತ್ತು ಚಿಲ್ಲರೆ ರೂಮುಗಳು. ಅಷ್ಟಾದರೂ ಅವರ ದೃಷ್ಟಿಯಲ್ಲಿ ನಾವೆಲ್ಲ ಅವರ ರಾಗಿ ಹೊಲದ ಮೇಲೆ ಗೊತ್ತಿಲ್ಲದೆ ಓಡಾಡುತ್ತಿರುವ ಜನ. ಎಲ್ಲಿ ನಿಂತರೂ "ಅಲ್ಲಿ ಬದ ಇತ್ತು ಕಣಮ್ಮ" ಎನ್ನುತ್ತಿದ್ದರು. ಮನೆ ತುಂಬ ಜನವಿದ್ದರೂ ಅಡುಗೆಮನೆ, ಉಗ್ರಾಣ ಎರಡೂ ಅವರೊಬ್ಬರದೇ ರಾಜ್ಯ. ಯಜಮಾನರಿಗೆ ತಟ್ಟೆಯಲ್ಲಿ ಏನೋ ತಿನ್ನಲು ಕೊಟ್ಟು, ಸರ್ವರನ್ನು ಸುತ್ತು ಬಂದು ನೋಡಿ, "ಈ ಡಬ್ಬದೊಳಗೆ ಏನದೆ?" ಎಂದು ಕೇಳಿದರು.

ನಾನು ಅಲ್ಲಿ ಜಾಣತನ ತೋರಿಸಿದೆ. "ಕಾರ್ಖಾನಿ ಗುಟ್ಟೆಲ್ಲಾ ಇದರಾಗ ಐತ್ರಿ ಆಂಟಿ. ಯಾರು ಬಂದು ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ, ಒಳಗ ಬಿಡಬ್ಯಾಡ್ರಿ" ಎಂದೆ. ಆಂಟಿಯ ಮುಖ ಗಂಭೀರವಾಯಿತು. ಉಗ್ರಾಣದ ಬೀಗದ ಕೈಯನ್ನು ತಾಳಿಯ ಪಕ್ಕಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡರು.

ಸರ್ವರ್ ಹಳೆಯದು. ನಿಲ್ಲಿಸಿದರೆ ಅಲ್ಲಾಡುತ್ತಿತ್ತು, ಅದಕ್ಕೆ ಮಲಗಿಸಿದ್ದೆ. ದಿನಾ ಸಂಜೆ ನಾಲ್ಕಕ್ಕೆ ಹದಿನೆಂಟು ಸ್ವಿಚ್ಚುಗಳೂ ತಂತಮ್ಮ ಫೈಲನ್ನು ಇಂಟರ್‌ನೆಟ್ಟಿನ ಮೂಲಕ ಅಲ್ಲಿಗೆ ತಳ್ಳುವಂತೆ ಮಾಡಿಟ್ಟೆ. ಎಲ್ಲ ತಲುಪಿದರೆ ನನ್ನ ಕಂಪ್ಯೂಟರಿನಲ್ಲಿ ಹಸಿರು ಸಾಲು, ಇಲ್ಲವಾದರೆ ಕೆಂಪು. ಮೊದಲ ದಿನ ಹಸಿರು. ಎರಡನೇ ದಿನ ಹದಿನೆಂಟೂ ಕೆಂಪು. ಓಡಿ ಬಂದು ನೋಡಿದರೆ ಸರ್ವರಿನ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟಿದೆ.

"ಯಾಕ್ರೀ ಆಂಟಿ ತೆಗದ್ರಿ?"

"ನೆನ್ನೆಯಿಂದ ಗುಂಯ್ ಅಂತಾನೇ ಅದೆ. ಪಾಪ, ಅದ್ಕೂ ಸುಸ್ತಾಗಾಕಿಲ್ವಾ? ಒಸಿ ಮಲಗ್ಲಿ ಅಂತ ಬಿಟ್ಟೆ."

ಅದಕ್ಕೆ ಸುಸ್ತಾಗುವುದಿಲ್ಲ, ನನಗಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡು ತಿಳಿಹೇಳಿದೆ. ಅವರು ಒಪ್ಪಿದರು. ಮಾರನೆಯ ದಿನ ಮತ್ತೆ ಕೆಂಪು. ಮಿಕ್ಸಿಗೆ ಪ್ಲಗ್ ಪಾಯಿಂಟ್ ಬೇಕಾಗಿತ್ತಂತೆ. ಅದರ ಮಾರನೆಯ ದಿನವೂ ಕೆಂಪು. ಯುಪಿಎಸ್ ಚಾರ್ಜು ಉಳಿಯಲಿ, ಧಾರಾವಾಹಿ ಹೊತ್ತಿಗೆ ಬೇಕು ಎಂದು ತೆಗೆದರಂತೆ. ಹೀಗೆ ಒಂದು ವಾರ. ಆಡಿಟಿನಲ್ಲಿ ತೋರಿಸಬೇಕಾದ ಪಟ್ಟಿಯಲ್ಲಿ ಹಸಿರಿಗಿಂತ ಕೆಂಪೇ ಹೆಚ್ಚಾಯಿತು. ನನ್ನ ತಲೆ ಕೆಟ್ಟು ಮೊಸರಾಯಿತು. ಪರ್ಮನೆಂಟ್ ಆಗುವ ಆಸೆಗೆ ಆಂಟಿಯೇ ಕಲ್ಲು ಹಾಕುತ್ತಿದ್ದಾರೆ, ಅದೂ ಪ್ರೀತಿಯಿಂದ ಹಾಕುತ್ತಿದ್ದಾರೆ, ಬೈಯುವಂತೆಯೂ ಇಲ್ಲ!

ಆಮೇಲೆ ಇದ್ದಕ್ಕಿದ್ದಂತೆ ಹಸಿರು. ಒಂದು ದಿನ, ಎರಡು ದಿನ, ಐದು ದಿನ, ಎಲ್ಲ ಹಸಿರು. ಆಂಟಿಗೆ ಬುದ್ಧಿ ಬಂತೆಂದು ಸಂತೋಷವಾಗಿ ಒಂದು ಬೆಳಗ್ಗೆ ಉಗ್ರಾಣಕ್ಕೆ ಹೋದೆ. ಡಿಸೆಂಬರಿನ ಚಳಿ, ಬಾಯಿ ಬಿಟ್ಟರೆ ಹೊಗೆ. ನೋಡುತ್ತೇನೆ, ಸರ್ವರಿನ ನಡುಬೆನ್ನಿನ ಮೇಲೆ ದೊಡ್ಡ ಸ್ಟೀಲ್ ಪಾತ್ರೆ, ಅದರ ಮೇಲೊಂದು ತಟ್ಟೆ, ತಟ್ಟೆಯನ್ನು ಎತ್ತಿ ಹಿಡಿದು ಹೊರಗೆ ಇಣುಕುತ್ತಿರುವ ದೋಸೆ ಹಿಟ್ಟು.

"ಅಯ್ಯೋ ನಮ್ಮವ್ವ! ಆಂಟೀ, ಇದರ ಮ್ಯಾಲೆ ಪಾತ್ರಿ ಇಡ್ತಾರೇನ್ರೀ ಯಾರಾದ್ರೂ?" ಎಂದು ಕಿರುಚಿದೆ.

ಆಂಟಿ ಸೌಟು ಹಿಡಿದು ನಿಧಾನವಾಗಿ ಬಂದರು. "ಚಳೀಗೆ ಇಟ್ಟು ಉಬ್ಬಾಕಿಲ್ಲ ಕಣಮ್ಮ. ಕಂಬಳಿ ಒದ್ಸಿದ್ರೂ ಉಬ್ಬಾಕಿಲ್ಲ. ನಿನ್ ಡಬ್ಬ ಎಷ್ಟ್ ಬೆಚ್ಚಗದೆ ಮುಟ್ಟಿ ನೋಡು. ಆ ಬಿಸಿ ಸುಮ್ನೆ ದಂಡ ಆಯ್ತಿತ್ತು."

"ಒಂದು ಹನಿ ಒಳಗ ಬಿದ್ರ ನನ್ನ ನೌಕರಿ ಹೋಗ್ತದ್ರಿ!"

"ಒಂದ್ ದೋಸೆ ತಿನ್ನು, ಆಮೇಲ್ ಮಾತಾಡು."

ತಿಂದೆ. ಅದೇ ನಾನು ಮಾಡಿದ ತಪ್ಪು. ಗರಿಗರಿ ಅಂಚು, ಮೆತ್ತನೆಯ ನಡು, ಮೇಲೊಂದು ಬೆಣ್ಣೆಯ ಉಂಡೆ. ಮೂರನೆಯ ದೋಸೆಯ ಹೊತ್ತಿಗೆ ನನ್ನ ನ್ಯಾಯವೆಲ್ಲ ಕರಗಿಹೋಗಿತ್ತು. ನಾಲ್ಕನೆಯದರ ಹೊತ್ತಿಗೆ ನನಗೇ ಒಂದು ವಿಷಯ ಹೊಳೆಯಿತು: ಹಿಟ್ಟು ಉಬ್ಬಬೇಕಾದರೆ ಸರ್ವರ್ ಬೆಚ್ಚಗಿರಬೇಕು, ಬೆಚ್ಚಗಿರಬೇಕಾದರೆ ಪ್ಲಗ್ಗು ಕೀಳಬಾರದು. ಐದು ದಿನ ಹಸಿರಾದದ್ದು ನನ್ನ ಉಪದೇಶದಿಂದಲ್ಲ, ಉದ್ದಿನಬೇಳೆಯಿಂದ. ಆದ್ದರಿಂದ ನಾನೇ ಒಂದು ಮಣೆ ತಂದು ಗಾಳಿ ಸೀಳುಗಳು ಮುಚ್ಚದಂತೆ ಸರ್ವರಿನ ಮೇಲಿಟ್ಟು, ಮಣೆಯ ಮೇಲೆ ಅಗಲವಾದ ತಟ್ಟೆ ಇಟ್ಟು, ಅದರ ಮೇಲೆ ಪಾತ್ರೆ ಇಡಲು ಅನುಮತಿ ಕೊಟ್ಟೆ. ಯಾವ ಬಾಯಲ್ಲಿ ಹೇಳಲಿ, ನಾನೇ ಕೊಟ್ಟೆ.

ಅಲ್ಲಿಂದ ಮುಂದೆ ಆ ಸರ್ವರಿಗೆ ಸಿಕ್ಕ ಕಾವಲು ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ. ಪ್ಲಗ್ಗಿನ ಹತ್ತಿರ ಕೈ ಚಾಚಿದ ಸೊಸೆಯಂದಿರ ಕೈಗೆ ಸೌಟಿನ ಏಟು ಬಿತ್ತು. ಬೀದಿಯಲ್ಲಿ ಕರೆಂಟ್ ತೆಗೆಯಲು ಬಂದ ಲೈನ್‌ಮನ್‌ನನ್ನು ಕಂಬದ ಕೆಳಗೇ ನಿಲ್ಲಿಸಿಕೊಂಡು, "ನಾಕ್ ಗಂಟೆಗೆ ನಮ್ ಮಗೀಂದು ಬ್ಯಾಕಪ್ಪು ಓಗ್ಬೇಕು, ಆಮೇಲ್ ತಗಿಯಪ್ಪ" ಎಂದು ಗದರಿಸಿದ್ದನ್ನು ನಾನೇ ಕೇಳಿದೆ. ಒಂದೂವರೆ ತಿಂಗಳು ಒಂದೇ ಒಂದು ದಿನ ಕೆಂಪಾಗಲಿಲ್ಲ.

ಆಡಿಟರ್ ಬಂದದ್ದು ಜನವರಿಯ ಕೊನೆಯಲ್ಲಿ. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದಂಥದೇ ಮುಖ. ಬೆಳಗ್ಗೆಯೆಲ್ಲ ಕಾರ್ಖಾನೆ ನೋಡಿ ಮಧ್ಯಾಹ್ನ ಮೂರಕ್ಕೆ, "ರಿಮೋಟ್ ಸೈಟ್ ನೋಡೋಣ" ಎಂದರು. ಎಂದರೆ ನಮ್ಮ ಆಂಟಿಯ ಉಗ್ರಾಣ. ಅಲ್ಲೇ ಒಂದು ಖಾಲಿ ಸ್ವಿಚ್ಚಿಗೆ ಫೈಲು ತುಂಬಿಸಿ ತೋರಿಸಬೇಕಂತೆ. ಬಿಡಿ ಸ್ವಿಚ್ಚೊಂದನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ನಾನು, ಮ್ಯಾನೇಜರು, ಆಡಿಟರು ಹೊರಟೆವು. ಬೆಳಗ್ಗೆಯೇ ಆಂಟಿಗೆ ಕೈ ಮುಗಿದು ಹೇಳಿ ಬಂದಿದ್ದೆ: ಇವತ್ತೊಂದು ದಿನ ಪಾತ್ರೆ ತೆಗೆದಿಡಿ, ಆಡಿಟಿನವರು ಬರುತ್ತಾರೆ, ನನ್ನ ಪರ್ಮನೆಂಟ್ ಕೆಲಸ ಇವತ್ತಿನ ಮೇಲೆ ನಿಂತಿದೆ. ಅವರು "ಓಗ್ ಬಾ, ನಾನಿಲ್ವಾ" ಎಂದಿದ್ದರು. ದಾರಿಯುದ್ದಕ್ಕೂ ಆ 'ನಾನಿಲ್ವಾ' ಎಂಬುದಕ್ಕೆ ಅರ್ಥ ಹುಡುಕುತ್ತಲೇ ಬಂದೆ.

ಆಂಟಿ ಬಾಗಿಲಿಗೆ ಅಡ್ಡ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ.

ಮ್ಯಾನೇಜರು ನಗುತ್ತ, "ಅಮ್ಮಾ, ಸರ್ವರ್ ನೋಡ್ಬೇಕಿತ್ತು" ಎಂದರು.

"ಯಾವ್ ಸರ್ವರ್ರು? ಇಲ್ಲೇನೂ ಇಲ್ಲ."

ನಾನು ಮುಂದೆ ಬಂದೆ. "ಆಂಟಿ, ನಾನ್ರೀ! ಇವ್ರು ನಮ್ಮ ಮ್ಯಾನೇಜರು, ಅವ್ರು ಆಡಿಟಿನವ್ರು."

"ನೀನು ಸುಮ್ಕಿರು. ನಿನ್ನ ಎದರ್ಸಿ ಕರ್ಕಬಂದಿರಬೌದು."

ಆಡಿಟರ್ ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಕೊಟ್ಟರು. ಆಂಟಿ ಅದನ್ನು ತಿರುಗಿಸಿಯೂ ನೋಡದೆ ವಾಪಸು ಕೊಟ್ಟರು. "ಇಂತ ಕಾರ್ಡು ತಿಂಗ್ಳಿಗೆ ಇಪ್ಪತ್ ಜನ ಕೊಟ್ಟೋಯ್ತಾರೆ ಸ್ವಾಮಿ. ನಮ್ ಒಲ ಮಾರ್ಸಾಕೆ ಬಂದೋರೂ ಇಂತವೇ ಕೊಟ್ಟಿದ್ರು."

ಮ್ಯಾನೇಜರು ನನ್ನ ಕಡೆ ತಿರುಗಿ ಹಲ್ಲಿನ ಸಂದಿಯಲ್ಲಿ, "ಏನ್ರೀ ಇದು? ಸೈಟ್ ರೆಡಿ ಇದೆ ಅಂದ್ರಲ್ಲ" ಎಂದರು. ಆಡಿಟರ್ ಹಾಳೆಯ ಮೇಲೆ ಏನೋ ಬರೆದುಕೊಳ್ಳತೊಡಗಿದರು. ನನಗೆ ಅಳುವೇ ಬಂತು. ಕೊನೆಗೆ ಆಂಟಿ, ಡಬ್ಬ ತಂದಿಟ್ಟ ಯಜಮಾನರೇ ಹೇಳಿದರೆ ಮಾತ್ರ ಬಾಗಿಲು ತೆಗೆಯುವುದಾಗಿ ಸಾರಿದರು. ಮ್ಯಾನೇಜರು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಯಜಮಾನರು "ಬಿಡಿಯಮ್ಮ ಅವರನ್ನ, ನಾನೇ ಹೇಳ್ತಿದೀನಿ" ಎಂದರು.

"ನೀವು ಯಜಮಾನ್ರೇ ಅಂತ ನಾನೆಂಗೆ ನಂಬ್ಲಿ? ಡಬ್ಬ ತಂದ ದಿನ ನಮ್ಮನೇಲಿ ಏನ್ ತಿಂದ್ರಿ, ಏಳಿ?"

ಯಜಮಾನರ ದನಿ ಮೆತ್ತಗಾಗಿ ಬಂತು. "ಅವರೆಕಾಳು ಉಪ್ಪಿಟ್ಟು."

"ಎಷ್ಟ್ ಸಲ ಆಕಿಸ್ಕೊಂಡ್ರಿ?"

"ಮೂರು ಸಲ ಕಣಮ್ಮ."

ಆಂಟಿ ಪಕ್ಕಕ್ಕೆ ಸರಿದು ಬೀಗದ ಕೈ ಬಿಚ್ಚಿದರು. ಆಡಿಟರ್ ಬರೆಯುವುದನ್ನು ನಿಲ್ಲಿಸಿ, "ಇಷ್ಟು ಗಟ್ಟಿಯಾಗಿ ಗುರುತು ಪರೀಕ್ಷೆ ಮಾಡೋದನ್ನ ನಾನು ದೊಡ್ಡ ದೊಡ್ಡ ಕಂಪನಿಗಳಲ್ಲೂ ನೋಡಿಲ್ಲ" ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ, ಮುಖ ಇಸ್ತ್ರಿ ಹಾಕಿದ ಹಾಗೇ ಇತ್ತು.

ಬಾಗಿಲು ತೆರೆಯಿತು. ಸರ್ವರಿನ ಮೇಲೆ ಪಾತ್ರೆ ಇರಲಿಲ್ಲ. ಎರಡು ಪಾತ್ರೆ ಇದ್ದವು.

"ಆಡಿಟ್ನೋರು ಬತ್ತಾರೆ ಅಂದ್ಯಲ್ಲ, ಅದ್ಕೇ ಜಾಸ್ತಿ ರುಬ್ಬಿದ್ದೆ" ಎಂದು ಆಂಟಿ ನನ್ನ ಕಿವಿಯಲ್ಲಿ ಹೇಳಿದರು. ಆಡಿಟರ್ ಬಗ್ಗಿ ನೋಡಿದರು, ಎದ್ದರು, ಮತ್ತೆ ಬಗ್ಗಿ ನೋಡಿದರು. "ಇದೇನು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿ, "ಒಸಿ ಮೆಂತ್ಯೇನೂ ಆಕಿದೀನಿ, ಅದ್ಕೆ ಅಂಗೆ ಅಳದಿ ಕಾಣ್ತದೆ" ಎಂದು ವಿವರಿಸಿದರು.

ಪಾತ್ರೆ ತೆಗೆಯಲು ಹೋದರೆ ಆಂಟಿ ತಡೆದರು, ಉಬ್ಬುವಾಗ ಅಲುಗಿಸಿದರೆ ಹಿಟ್ಟು ಕೂತುಬಿಡುತ್ತದಂತೆ. ವಾದ ಮಾಡಲು ನನಗೆ ತ್ರಾಣವಿರಲಿಲ್ಲ. ಬಿಡಿ ಸ್ವಿಚ್ಚನ್ನು ನೆಲದ ಮೇಲಿಟ್ಟು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಸರ್ವರಿಗೆ ಜೋಡಿಸಿ ಫೈಲು ಎಳೆಯಲು ಆಜ್ಞೆ ಕೊಟ್ಟೆ. ಅದೇ ಹೊತ್ತಿಗೆ ನಾಲ್ಕು ಗಂಟೆಯೂ ಆಗಿ ಹದಿನೆಂಟು ಸ್ವಿಚ್ಚುಗಳ ಫೈಲುಗಳೂ ಬರತೊಡಗಿದವು. ಸರ್ವರ್ ಜೋರಾಗಿ ಗುಂಯ್‌ಗುಟ್ಟಿತು. ಬಲಗಡೆಯ ಪಾತ್ರೆಯ ಹಿಟ್ಟು ಅಂಚು ದಾಟಿ ನಿಧಾನವಾಗಿ ಇಳಿದು, ತಟ್ಟೆ ತುಂಬಿ, ಮಣೆಯ ಮೇಲೆ ಬಂದು, ಗಾಳಿ ಸೀಳಿನ ಕಡೆಗೆ ಹೊರಟಿತು. ನಾನು ಬಲಗೈಯಲ್ಲಿ ಕೀಲಿಮಣೆ ಒತ್ತುತ್ತ ಎಡಗೈಯ ತೋರುಬೆರಳನ್ನು ಮಣೆಯ ಅಂಚಿಗೆ ಅಡ್ಡ ಹಿಡಿದೆ. ಹಿಟ್ಟು ಬೆರಳನ್ನು ಸುತ್ತಿಕೊಂಡು ಬಂತು. ಆಂಟಿ ತಮ್ಮ ಬೆರಳು ಹಿಡಿದರು. ಸಾಲಲಿಲ್ಲ. ಆಗ ಮ್ಯಾನೇಜರು, ಹದಿನೈದು ವರ್ಷ ಅನುಭವವಿರುವ ಮನುಷ್ಯ, ಕತ್ತಿನ ಟೈ ಬಿಚ್ಚಿ ಒಡ್ಡು ಕಟ್ಟಿದರು. ಮೂರು ಜನ ಸರ್ವರಿನ ಮೇಲೆ ಬಗ್ಗಿಕೊಂಡು ಉಸಿರು ಹಿಡಿದು ನಿಂತಿದ್ದೇವೆ, ನಾಲ್ಕನೆಯವರು ಅದನ್ನು ಬರೆದುಕೊಳ್ಳುತ್ತಿದ್ದಾರೆ. ನನ್ನ ನೌಕರಿಯ ಭವಿಷ್ಯ ನನ್ನ ಬೆರಳಿನ ಮೇಲೆ ಬೆಚ್ಚಗೆ ಹರಿಯುತ್ತಿತ್ತು.

ಸ್ವಿಚ್ಚು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತು. ಪರದೆಯ ಮೇಲೆ ಅದರ ಹೆಸರು ಬಂತು, ಒಂದೊಂದೇ ಸಾಲು ಸರಿಯಾಗಿ ಬಂತು. ಆಡಿಟರ್ ತಮ್ಮ ಹಾಳೆಯೊಂದಿಗೆ ಮೊದಲಿನಿಂದ ಕೊನೆಯವರೆಗೆ ಹೋಲಿಸಿದರು. ಒಂದು ಅಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ನನಗೆ ಕುಣಿದಾಡಬೇಕು ಅನ್ನಿಸಿತು, ಆದರೆ ಬೆರಳು ತೆಗೆಯುವಂತಿರಲಿಲ್ಲ. ಆಡಿಟರ್ ಆ ದಿನ ಆರು ದೋಸೆ ತಿಂದರು. ಅದನ್ನೂ ಬರೆದುಕೊಂಡರೋ ಏನೋ ಗೊತ್ತಿಲ್ಲ.

ಹತ್ತು ದಿನಕ್ಕೆ ವರದಿ ಬಂತು. ಪಾಸು. ಹಿಟ್ಟಿನ ವಿಷಯಕ್ಕೆ ಸರ್ವರಿನ ಮೇಲೆ ತಗಡಿನ ಮಾಡು ಹಾಕಿಸಬೇಕೆಂದು ಒಂದು ಸಾಲು, ಅದರ ಕೆಳಗೆ ಇನ್ನೊಂದು: ದೂರದ ಸೈಟಿನ ಉಸ್ತುವಾರಿ ಹೊತ್ತವರು ಕಾಂಟ್ರ್ಯಾಕ್ಟಿನವರಾಗಿರಬಾರದು, ಕಾಯಂ ನೌಕರರಾಗಿರಬೇಕು. ಓದಿದ್ದೇ ತಡ, ಎದ್ದು ನಿಂತೆ. ಮ್ಯಾನೇಜರು ಮಾತು ಕೊಟ್ಟಿದ್ದರು, ಈಗ ಆಡಿಟರೂ ಬರೆದಿದ್ದಾರೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ! ಸಂಜೆ ಮ್ಯಾನೇಜರು ಕರೆದು ಕಂಪನಿಯ ಮುದ್ರೆ ಇದ್ದ ಲಕೋಟೆ ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಇದನ್ನ ನಿಮ್ ಓನರ್ ಆಂಟಿಗೆ ತಲುಪಿಸಿಬಿಡಿ" ಎಂದರು.

ಲಕೋಟೆಯ ಮೇಲೆ ಆಂಟಿಯ ಹೆಸರಿತ್ತು. ಹುದ್ದೆ: ಸೈಟ್ ಇನ್‌ಚಾರ್ಜ್. ಕಾಯಂ.

"ನೀವು ಹಗಲೆಲ್ಲಾ ಇಲ್ಲಿರ್ತೀರಿ, ಸೈಟ್‌ನಲ್ಲಿರೋದು ಅವ್ರು ತಾನೆ?" ಎಂದು ಮ್ಯಾನೇಜರು ನನ್ನ ಮುಖ ನೋಡದೆ ವಿವರಿಸಿದರು. "ಯಜಮಾನ್ರು ಹಂಗಂದ್ರು. ಈ ವರ್ಷ ಇರೋದು ಒಂದೇ ಪೋಸ್ಟು. ನಿಮ್ದು ಮುಂದಿನ್ ವರ್ಷ ನೋಡೋಣ."

ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ನಮ್ಮ ಕಡೆಯ ಬೈಗುಳ ಅವರಿಗೆ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ, ಅದೊಂದು ಪುಣ್ಯ. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು. ಡಿಪ್ಲೊಮಾ ಓದಿದವಳು ನಾನು, ವೈರು ಎಳೆದವಳು ನಾನು, ಹದಿನೆಂಟು ಪೆಟ್ಟಿಗೆಗಳ ಜಾತಕ ಬಾಯಿಪಾಠ ಇರುವವಳು ನಾನು. ಕಾಯಂ ಆದದ್ದು ಉದ್ದಿನಬೇಳೆ!

ಆಂಟಿಗೆ ಇಂಗ್ಲಿಷ್ ಬಾರದು. ಓದು ಎಂದರು. ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. "ನಿಮ್ಮನ್ನ ನಮ್ಮ ಸಂಸ್ಥೆಯ ಕಾಯಂ ನೌಕರರನ್ನಾಗಿ" ಎಂಬಲ್ಲಿಗೆ ಬಂದಾಗ ತಪ್ಪಿ ಅದೇ ಸಾಲನ್ನು ಎರಡು ಸಲ ಓದಿದೆ. ಆ ಸಾಲನ್ನು ನಾನು ಮೂರು ವರ್ಷದಿಂದ ಮನಸ್ಸಿನಲ್ಲಿ ಓದಿಕೊಳ್ಳುತ್ತಲೇ ಇದ್ದೆ, ಬೇರೆಯವರ ಹೆಸರಿಗೆ ಗಟ್ಟಿಯಾಗಿ ಓದಬೇಕಾಗುತ್ತದೆ ಎಂದು ಎಣಿಸಿರಲಿಲ್ಲ. ಆಂಟಿ ಕೊನೆಯವರೆಗೂ ಕೇಳಿ, "ನಿಂದೆಲ್ಲಿ?" ಎಂದರು.

"ನಂದಿಲ್ರಿ."

ಅವರು ಕಾಗದ ಮಡಚಿ ಎದ್ದು ಒಳಗೆ ಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ನಾಲ್ಕಕ್ಕೆ ಹದಿನೆಂಟೂ ಕೆಂಪು. ಮ್ಯಾನೇಜರು ಗಾಬರಿಯಾಗಿ ಫೋನ್ ಮಾಡಿದರೆ ಆಂಟಿಯೇ ಎತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಅವರ ದನಿ ಸ್ಪೀಕರ್ ಇಲ್ಲದೆಯೂ ಕೇಳುತ್ತಿತ್ತು.

"ಪ್ಲಗ್ಗು ನಾನೇ ಕಿತ್ತಿರೋದು. ನಾನು ತಾನೆ ಇನ್‌ಚಾರ್ಜು? ಆ ಮಗೀಗೆ ಕಾಗ್ದ ಬರೋಗಂಟ ಡಬ್ಬಕ್ಕೆ ಕರೆಂಟಿಲ್ಲ."

"ಅಮ್ಮಾ, ಅದು ಹಂಗಲ್ಲ..."

"ಎಂಗಾದ್ರೂ ಸರಿ. ಇಡು ಫೋನು."

ಎರಡನೇ ದಿನವೂ ಕೆಂಪು, ಮೂರನೇ ದಿನವೂ ಕೆಂಪು. ಅತ್ತ ಆಂಟಿಯ ಮನೆಯಲ್ಲಿ ಹಿಟ್ಟು ಉಬ್ಬದೆ ಮಣ್ಣಿನ ಹಾಗೆ ಕೂತಿತು. ಚಪ್ಪಟೆ ದೋಸೆ ಜಗಿದು ಜಗಿದು ಮನೆಮಂದಿಯ ದವಡೆ ನೋಯುತ್ತಿತ್ತು. ಮಕ್ಕಳು, ಸೊಸೆಯಂದಿರು, ಎಲ್ಲರೂ ನನ್ನನ್ನು ದುರುಗುಟ್ಟಿ ನೋಡುವವರೇ. ನಾನು ಆಂಟಿಯ ಹತ್ತಿರ ಹೋಗಿ, "ಬಿಡ್ರಿ ಆಂಟಿ, ನನ್ನ ಸಲುವಾಗಿ ನೀವ್ಯಾಕ ಕೆಲಸ ಕಳಕೋತೀರಿ" ಎಂದೆ. ಮನಸ್ಸಿನಲ್ಲಿ ಬಿಡಬಾರದು ಎಂದೇ ಇತ್ತು, ಸುಳ್ಳೇಕೆ ಹೇಳಲಿ.

"ನಮ್ ಒಲ ಕೈತಪ್ಪಿ ಓದಾಗ ಯಾರೂ ಅಡ್ಡ ನಿಂತ್ಕಳ್ಳಿಲ್ಲ ಕಣಮ್ಮ" ಎಂದರು ಆಂಟಿ, ಗಟ್ಟಿ ದೋಸೆ ಮುರಿಯುತ್ತ. "ನಿಂತ್ಕಂಡ್ರೆ ಏನಾಯ್ತದೆ ಅಂತ ನೋಡೇಬಿಡಾನ."

ನಾಲ್ಕನೇ ದಿನ ಬೆಳಗ್ಗೆ ಯಜಮಾನರ ಕಾರು ಬಂತು. ಒಳಗೆ ಕೂತು ಆಂಟಿಯ ಜೊತೆ ಏನು ಮಾತಾಡಿದರೋ, ಬಾಗಿಲು ಮುಚ್ಚಿತ್ತು. ಹೊರಗೆ ಬಂದವರು ಬಾಯಿ ಒರೆಸಿಕೊಳ್ಳುತ್ತಿದ್ದರು. ನನ್ನ ಕೈಗೆ ಲಕೋಟೆ ಕೊಟ್ಟು, "ನಿಮ್ ಆಂಟಿ ಬಹಳ ಗಟ್ಟಿ ಹೆಂಗಸು ಕಣ್ರೀ" ಎಂದು ಹೇಳಿ ಕಾರು ಹತ್ತಿದರು.

ಈ ಸಲ ನನ್ನ ಹೆಸರೇ ಇತ್ತು. ಆಂಟಿ ಮತ್ತೆ ಓದು ಎಂದರು. ಜಗಲಿಯ ಮೇಲೆ ಕೂತು ಓದಿದೆ. ನಿಮ್ಮನ್ನು ನಮ್ಮ ಸಂಸ್ಥೆಯ ಕಾಯಂ ನೌಕರರನ್ನಾಗಿ ನೇಮಿಸಲಾಗಿದೆ. ಹುದ್ದೆ: ಸೈಟ್ ಇನ್‌ಚಾರ್ಜ್ ಅವರ ಸಹಾಯಕಿ. ರಜೆ, ಕೆಲಸದ ವರದಿ ಇತ್ಯಾದಿಗಳಿಗೆ ಸೈಟ್ ಇನ್‌ಚಾರ್ಜ್ ಅವರ ಒಪ್ಪಿಗೆ ಪಡೆಯತಕ್ಕದ್ದು.

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ನಗಬೇಕೆಂದು ಬಾಯಿ ತೆರೆದರೆ ಅಳು ಬಂತು, ಗೋಳೋ ಎಂದು ಅತ್ತುಬಿಟ್ಟೆ. ಆಂಟಿ ಗಾಬರಿಯಾಗಿ ಹತ್ತಿರ ಸರಿದು ಬೆನ್ನು ಸವರಿದರು. ಹುದ್ದೆ ಚಿಕ್ಕದಾಯಿತೆಂದು ಅಳುತ್ತಿದ್ದಾಳೆ ಎಂದು ತಿಳಿದರೋ ಏನೋ.

"ಅಳಬ್ಯಾಡ ಕಣಮ್ಮ. ಚೆನ್ನಾಗಿ ಕೆಲ್ಸ ಮಾಡು, ಮುಂದಿನ್ ವರ್ಸ ನಿಂಗೂ ಪ್ರಮೋಸನ್ ಕೊಡ್ಸ್ತೀನಿ" ಎಂದರು.

"ಆತ್ರಿ ಮೇಡಂ" ಎಂದೆ.